ನೆರಳಿಗೆ ಜೀವ ಕೊಟ್ಟ ಲೋಟೆ ರೈನಿಗರ್

ಅಲಾವುದ್ದೀನನ ದೀಪ, ಹಾರುವ ಕುದುರೆ, ಈ ಅಲಿಫ್ ಲೈಲಾ ಕಥೆಗಳನ್ನು ಕೇಳದವರು ನಮ್ಮಲ್ಲಿ ಕಡಿಮೆ. ಅವನ್ನೇ ಹಿಡಿದು ಜರ್ಮನಿಯ ಲೋಟೆ ರೈನಿಗರ್ ಎಂಬ ಕಲಾವಿದೆ 1926ರಲ್ಲಿ ರಾಜಕುಮಾರ ಅಹ್ಮದನ ಸಿನಿಮಾ ಮಾಡಿದ್ದರು. ಈಗ ಉಳಿದಿರುವ ಪೂರ್ಣಾವಧಿ ಆ್ಯನಿಮೇಷನ್ ಚಿತ್ರಗಳಲ್ಲಿ ಅತಿ ಹಳೆಯದು ಇದೇ.

1899ರಲ್ಲಿ ಬರ್ಲಿನಿನಲ್ಲಿ ಹುಟ್ಟಿದ ಲೋಟೆಗೆ ಸಣ್ಣದರಿಂದಲೇ ಕತ್ತರಿ ಹುಚ್ಚು. ಕಪ್ಪು ಕಾಗದ, ತೆಳು ಸೀಸದ ತಗಡು ಕತ್ತರಿಸಿ ಗೊಂಬೆ ಮಾಡ್ತಿದ್ದರು. ಕೈ, ಕಾಲು, ಕುತ್ತಿಗೆ ಎಲ್ಲ ಬೇರೆ ಬೇರೆ ತುಂಡು, ತಂತಿಯಿಂದ ಜೋಡಣೆ. ಗಾಜಿನ ಮೇಜಿನ ಮೇಲಿಟ್ಟು, ಕೆಳಗಿಂದ ಬೆಳಕು ಬಿಟ್ಟು, ಚೂರು ಚೂರೇ ಸರಿಸಿ ಒಂದೊಂದೇ ಫೋಟೊ. ಪಾಟ್ಸ್‌ಡ್ಯಾಮಿನ ಒಂದು ಗ್ಯಾರೇಜಿನ ಅಟ್ಟದಲ್ಲಿ ಗಂಡ ಕಾರ್ಲ್ ಕೋಖ್ ಮತ್ತು ಸಂಗಡಿಗರ ಜೊತೆ ಮೂರು ವರ್ಷ ಇದೇ ಕೆಲಸ. ತಾಳ್ಮೆ ಅಂದ್ರೆ ಇದು ನೋಡಿ!

ನೆರಳಿನ ಮುಖದಲ್ಲಿ ಅಳು ನಗು ತೋರಿಸಲಾಗದು. ದುಃಖಕ್ಕೆ ಕುತ್ತಿಗೆ ಬಾಗಬೇಕು, ಹೆದರಿಕೆಗೆ ಮೈ ಮುದುಡಬೇಕು. ಅಷ್ಟರಲ್ಲೇ ನೋಡುವವರ ಮನಸ್ಸು ಕರಗಿಸಿದರು. ನಮಗೆ ದೊಡ್ಡದಾಗಿ ಕಂಡದ್ದು ಇದು.

ಹಿಟ್ಲರ್ ಬಂದ ಮೇಲೆ ದಂಪತಿ ಊರು ಬಿಟ್ಟರು. ಕಾಯಂ ವೀಸಾ ಎಲ್ಲೂ ಸಿಗದೆ ದೇಶದಿಂದ ದೇಶಕ್ಕೆ ಅಲೆದಾಟ. ಕೊನೆಗೆ ಕಾಯಿಲೆ ಬಿದ್ದ ತಾಯಿಯ ಆರೈಕೆಗೆಂದು, ಬಾಂಬು ಬೀಳುತ್ತಿದ್ದ ಬರ್ಲಿನಿಗೇ ವಾಪಸ್ ಬಂದರು. ಯುದ್ಧದಲ್ಲಿ ಸಿನಿಮಾದ ಮೂಲ ನೆಗೆಟಿವ್ ಹೋಯಿತು. ಲಂಡನ್ನಿನಲ್ಲಿದ್ದ ಒಂದು ಪ್ರತಿ ಉಳಿಯಿತು. 1949ರಲ್ಲಿ ಅವರೂ ಲಂಡನ್ನಿಗೇ ಹೋಗಿ ನೆಲೆಸಿ ಮತ್ತೆ ಕತ್ತರಿ ಹಿಡಿದರು. ತೀರಿಕೊಂಡದ್ದು 1981ರಲ್ಲಿ, ಜರ್ಮನಿಯಲ್ಲಿ.