ಬಸವಣ್ಣನವರು ಮತ್ತು ಕಲ್ಯಾಣದ ಕೋಲಾಹಲ

ನಮ್ಮ ತಾಂಬರಕ್ಕೆ ಅನತಿದೂರದಲ್ಲಿ ಕುನ್ರತ್ತೂರು ಎಂಬ ಊರುಂಟು. ಅರುವತ್ತುಮೂವರು ಶಿವಭಕ್ತರ ಚರಿತ್ರೆಯನ್ನು ಪೆರಿಯಪುರಾಣವೆಂಬ ತಮಿಳು ಕಾವ್ಯವಾಗಿ ರಚಿಸಿದ ಸೇಕ್ಕಿಳಾರರ ಹುಟ್ಟೂರು ಅದು. ಅವರು ಬಾಳಿದ 12ನೆಯ ಶತಮಾನದಲ್ಲಿಯೇ ಕನ್ನಡನಾಡಿನಲ್ಲಿ ಆ ಭಕ್ತರನ್ನು ಪುರಾತನರೆಂದು ಕರೆದು ಆದರಿಸಿದ ಮಹಾಪುರುಷರೊಬ್ಬರಿದ್ದರು. ಬೇಡನಾದ ಕಣ್ಣಪ್ಪನೂ ಭಕ್ತಿಯಿಂದ ಹಿರಿಯನಾದನೆಂಬುದನ್ನು ಅವರು ಕಥೆಯೆಂದು ಕೇಳಿ ಬಿಡಲಿಲ್ಲ. ಅದನ್ನು ಬದುಕಿನಲ್ಲಿ ನಡೆಸಿ ತೋರಲು ಹೊರಟರು. ಅವರೇ ಬಸವಣ್ಣನವರು.

ಇಂದಿನ ವಿಜಯಪುರ ಜಿಲ್ಲೆಯ ಬಾಗೇವಾಡಿಯಲ್ಲಿ ಮಾದರಸ, ಮಾದಲಾಂಬಿಕೆಯರೆಂಬ ಬ್ರಾಹ್ಮಣ ದಂಪತಿಗಳಿಗೆ ಬಸವಣ್ಣನವರು ಜನಿಸಿದರು. ಕರ್ಮಾಚರಣೆಗಳಲ್ಲಿ ಅವರ ಮನಸ್ಸು ನಿಲ್ಲಲಿಲ್ಲ. ಎಳೆವಯಸ್ಸಿನಲ್ಲಿಯೇ ಜನಿವಾರವನ್ನು ತೊರೆದು, ಕೃಷ್ಣಾ ಮಲಪ್ರಭಾ ನದಿಗಳು ಕೂಡುವ ಕೂಡಲಸಂಗಮವನ್ನು ಸೇರಿದರು. ಅಲ್ಲಿಯ ಸಂಗಮನಾಥನೇ ಅವರ ಆರಾಧ್ಯದೈವವಾದನು. ಮುಂದೆ ಅವರು ನುಡಿದ ವಚನಗಳಿಗೆ ಆ ದೇವನ ಹೆಸರೇ ಅಂಕಿತವಾಯಿತು.

ಬಳಿಕ ಅವರು ಮಂಗಳವಾಡಕ್ಕೆ ಬಂದು, ಕಳಚುರಿ ವಂಶದ ಬಿಜ್ಜಳನ ಆಶ್ರಯದಲ್ಲಿ ಕರಣಿಕರಾಗಿ ಸೇರಿದರು. ಲೆಕ್ಕದಲ್ಲಿ ನಿಪುಣರೂ ನಡೆಯಲ್ಲಿ ಶುದ್ಧರೂ ಆಗಿದ್ದುದರಿಂದ ಬೇಗನೆ ಮೇಲಕ್ಕೇರಿದರು. ಬಿಜ್ಜಳನು ಚಾಲುಕ್ಯರ ಸಿಂಹಾಸನವನ್ನು ವಶಪಡಿಸಿಕೊಂಡು ಕಲ್ಯಾಣದಿಂದ ಆಳತೊಡಗಿದಾಗ ಬಸವಣ್ಣನವರು ಅವನ ಭಂಡಾರಿಗಳಾದರು. ಆ ಕಲ್ಯಾಣವೇ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ.

ಅವರ ಮನೆಯ ಬಾಗಿಲು ಎಲ್ಲರಿಗೂ ತೆರೆದಿತ್ತು. ಅಗಸ ಮಾಚಯ್ಯ, ಅಂಬಿಗ ಚೌಡಯ್ಯ, ಡೋಹರ ಕಕ್ಕಯ್ಯ ಮೊದಲಾದವರು ಅನುಭವ ಮಂಟಪದಲ್ಲಿ ಸರಿಸಮಾನರಾಗಿ ಕುಳಿತು ಚರ್ಚಿಸುತ್ತಿದ್ದರೆಂದು ಪರಂಪರೆ ಹೇಳುತ್ತದೆ. ಅಲ್ಲಮಪ್ರಭುಗಳು ಅದರ ಅಧ್ಯಕ್ಷರು. ಸ್ತ್ರೀಯರಿಗೂ ಅಲ್ಲಿ ಮಾತನಾಡುವ ಅಧಿಕಾರವಿತ್ತು. ಯಾವ ಕಾಯಕವೂ ಕೀಳಲ್ಲವೆಂಬುದು ಅಲ್ಲಿಯ ನೀತಿ.

ಹರಳಯ್ಯನೆಂಬ ಸಮಗಾರನ ಕಥೆ ಪ್ರಸಿದ್ಧವಾದುದು. ಆತನು ದಾರಿಯಲ್ಲಿ ಬಸವಣ್ಣನವರಿಗೆ ಶರಣು ಎಂದಾಗ ಅವರು ಪ್ರತಿಯಾಗಿ ಎರಡು ಬಾರಿ ವಂದಿಸಿದರಂತೆ. ಒಂದು ವಂದನೆಯ ಭಾರವನ್ನು ಹೊರಲಾರದ ಆ ಭಕ್ತನು ತನ್ನ ತೊಡೆಯ ಚರ್ಮದಿಂದ ಪಾದರಕ್ಷೆಗಳನ್ನು ಮಾಡಿ ತಂದೊಪ್ಪಿಸಿದನೆಂದು ಹೇಳುವರು.

ಇಷ್ಟು ಗೌರವ ಹೊಂದಿದವರಿಗೆ ಹಗೆಗಳೂ ಹುಟ್ಟಿದರು. ಬಸವಣ್ಣನವರು ಅರಸನ ಬೊಕ್ಕಸವನ್ನು ಶರಣರ ದಾಸೋಹಕ್ಕೆ ಸುರಿಯುತ್ತಿದ್ದಾರೆಂಬ ಮಾತು ಊರಿನಲ್ಲಿ ಹಬ್ಬಿತು. ಅರಸನು ಭಂಡಾರವನ್ನು ಎಣಿಸಿ ನೋಡಿದಾಗ ಒಂದು ಹೊನ್ನೂ ಕಡಿಮೆಯಾಗಿರಲಿಲ್ಲವೆಂದು ಪುರಾಣಗಳು ವರ್ಣಿಸುತ್ತವೆ. ಆದರೆ ಲೆಕ್ಕ ಸರಿಯಾದ ಮಾತ್ರಕ್ಕೆ ಸಂಶಯ ಅಳಿಯಲಿಲ್ಲ. ಕೊಂಡೆಯ ಮಂಚಣ್ಣನಂತಹವರು ದಿನದಿನವೂ ಅರಸನ ಕಿವಿಯೂದುತ್ತಿದ್ದರು.

ಕಡೆಗೊಂದು ಮದುವೆ ಎಲ್ಲಕ್ಕೂ ನೆಪವಾಯಿತು. ಬ್ರಾಹ್ಮಣ ಕುಲದಿಂದ ಬಂದು ಶರಣನಾಗಿದ್ದ ಮಧುವರಸನು ತನ್ನ ಮಗಳನ್ನು ಹರಳಯ್ಯನ ಮಗನಿಗೆ ಕೊಟ್ಟನು. ಶರಣರ ದೃಷ್ಟಿಯಲ್ಲಿ ಇಬ್ಬರೂ ಶಿವಭಕ್ತರು, ಅವರಲ್ಲಿ ಕುಲಭೇದವಿಲ್ಲ. ಆದರೆ ವರ್ಣಸಂಕರದಿಂದ ರಾಜ್ಯವೇ ಹಾಳಾಗುವುದೆಂಬ ಕೂಗು ಎದ್ದಿತು. ಭಯಗೊಂಡ ಅರಸನು ಹರಳಯ್ಯ ಮಧುವರಸರ ಕಣ್ಣು ಕೀಳಿಸಿ, ಅವರಿಗೆ ಎಳೆಹೂಟೆಯ ಶಿಕ್ಷೆಯನ್ನು ವಿಧಿಸಿದನು. ಮಕ್ಕಳ ಮದುವೆ ಮಾಡಿದುದೇ ಅವರ ಅಪರಾಧ!

ಬಸವಣ್ಣನವರು ಪದವಿಯನ್ನು ಬಿಟ್ಟು ಕೂಡಲಸಂಗಮಕ್ಕೆ ಹಿಂದಿರುಗಿದರು. ಇತ್ತ ರೊಚ್ಚಿಗೆದ್ದ ಜಗದೇವ ಮೊದಲಾದವರು ಬಿಜ್ಜಳನನ್ನು ಕೊಂದರೆಂದು ಕಾವ್ಯಗಳು ಹೇಳುತ್ತವೆ. ಒಡನೆಯೇ ಶರಣರ ಬೇಟೆ ಮೊದಲಾಯಿತು. ಚೆನ್ನಬಸವಣ್ಣನವರ ಮುಂದಾಳುತನದಲ್ಲಿ ಹಲವರು ವಚನಗಳ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿನ ಕಡೆಗೆ ಹೋದರು. ಬಸವಣ್ಣನವರು ಕೂಡಲಸಂಗಮದಲ್ಲಿಯೇ ಐಕ್ಯರಾದರು. ಇದೆಲ್ಲವೂ 1167ರ ಸುಮಾರಿನ ಸಂಗತಿ.

ಈ ಜೀವನವನ್ನು ಹರಿಹರನು ರಗಳೆಯಲ್ಲಿಯೂ, ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿಯೂ, ಭೀಮಕವಿಯು 1369ರಲ್ಲಿ ಕನ್ನಡ ಬಸವಪುರಾಣದಲ್ಲಿಯೂ ಹಾಡಿದರು. ಅವರು ಕಂಡುದು ಭಕ್ತಿಯ ಮಹಿಮೆಯನ್ನು. ನಮ್ಮ ಕಾಲದ ನಾಟಕಕಾರರಾದರೋ ಆ ಕೋಲಾಹಲದಲ್ಲಿ ತಮ್ಮ ಸುತ್ತಲಿನ ಸಮಾಜದ ಮುಖವನ್ನೇ ಕಂಡರು. ಪಿ. ಲಂಕೇಶರು 1971ರಲ್ಲಿ ‘ಸಂಕ್ರಾಂತಿ’ಯನ್ನೂ, ಎಚ್. ಎಸ್. ಶಿವಪ್ರಕಾಶರು 1986ರಲ್ಲಿ ‘ಮಹಾಚೈತ್ರ’ವನ್ನೂ, ಗಿರೀಶ ಕಾರ್ನಾಡರು 1990ರಲ್ಲಿ ‘ತಲೆದಂಡ’ವನ್ನೂ ಪ್ರಕಟಿಸಿದರು. ದೇಶದಲ್ಲಿ ಮಂದಿರದ ವಿವಾದವೂ ಮಂಡಲ ವರದಿಯ ವಿವಾದವೂ ಜನರನ್ನು ಕೆರಳಿಸುತ್ತಿದ್ದ ದಿನಗಳಲ್ಲಿ ‘ತಲೆದಂಡ’ ಹೊರಬಂದಿತು. 1994ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಆ ನಾಟಕದಲ್ಲಿ ಉನ್ಮಾದವು ಒಂದೇ ಪಕ್ಷದ ಸೊತ್ತಲ್ಲ. ಅರಮನೆಯ ಭಯ ಎಷ್ಟು ಕ್ರೂರವೋ ಶರಣ ತರುಣರ ಸಿಟ್ಟೂ ಅಷ್ಟೇ ಕುರುಡಾಗುತ್ತದೆ. ನಡುವೆ ನಿಂತು ಶಾಂತಿಯನ್ನು ಬೋಧಿಸುವ ಬಸವಣ್ಣನವರ ಮಾತನ್ನು ಕೇಳುವವರಿಲ್ಲವಾಗುತ್ತಾರೆ.

ಹೀಗೆ ಹಳೆಯ ಕಥೆಯಿಂದ ಹೊಸ ಕಾಲಕ್ಕೆ ಬುದ್ಧಿ ಹೇಳುವುದು ಇತರ ದೇಶಗಳಲ್ಲಿಯೂ ಉಂಟು. ಅಮೆರಿಕದ ಸೇಲಂ ಎಂಬಲ್ಲಿ 1692ರಲ್ಲಿ ಕೆಲವು ಹುಡುಗಿಯರ ದೂರಿನಿಂದ ಮೊದಲಾದ ವಿಚಾರಣೆಯಲ್ಲಿ, ಮಾಟಗಾತಿಯರೂ ಮಾಟಗಾರರೂ ಎಂಬ ಅಪವಾದಕ್ಕೆ ಸಿಕ್ಕಿ 19 ಮಂದಿ ಗಲ್ಲಿಗೇರಿದರು. ಕಮ್ಯೂನಿಸ್ಟರೆಂಬ ಸಂಶಯದಿಂದಲೇ ಅನೇಕರು ಉದ್ಯೋಗ ಕಳೆದುಕೊಳ್ಳುತ್ತಿದ್ದ ಕಾಲದಲ್ಲಿ, ಅಂದರೆ 1953ರಲ್ಲಿ, ಆರ್ಥರ್ ಮಿಲ್ಲರ್ ಆ ಕಥೆಯನ್ನು ‘ದಿ ಕ್ರೂಸಿಬಲ್’ ಎಂಬ ನಾಟಕವಾಗಿ ರಂಗಕ್ಕೆ ತಂದರು. ಮೂರು ವರ್ಷಗಳ ತರುವಾಯ ಅವರೇ ವಿಚಾರಣೆಗೆ ಗುರಿಯಾದರು. ಆದರೂ ಪರಿಚಿತರ ಹೆಸರುಗಳನ್ನು ಹೇಳಲು ಒಪ್ಪಲಿಲ್ಲ.

ಕಲ್ಯಾಣವೂ ಸೇಲಮ್ಮೂ ಒಂದೇ ಬಗೆಯಲ್ಲಿ ಕೆಟ್ಟವು. ಮೊದಲು ಪಿಸುಮಾತು, ಆಮೇಲೆ ಭಯ, ಕಡೆಗೆ ದಂಡನೆ. ಪಿಸುಮಾತು ಹುಟ್ಟಿದಾಗಲೇ ಇದು ನಿಜವೇ ಎಂದು ಹಲವರು ಕೇಳಿದ್ದರೆ ಹರಳಯ್ಯ ಮಧುವರಸರು ಉಳಿಯುತ್ತಿದ್ದರೇನೋ. ಪ್ರಿಯ ವಿದ್ಯಾರ್ಥಿಗಳೇ, ನಮ್ಮ ತರಗತಿಗಳಲ್ಲಿಯೂ ಒಬ್ಬನ ಮೇಲೆ ಸುಳ್ಳು ದೂರು ಹಬ್ಬುವುದುಂಟು. ಎಲ್ಲರೂ ಹೇಳುತ್ತಾರೆಂದು ನಾವೂ ದನಿಗೂಡಿಸುವುದುಂಟು. ಅಂತಹ ಗಳಿಗೆಯಲ್ಲಿ ಸಮಗಾರನಿಗೆ ಎರಡು ಬಾರಿ ಕೈಮುಗಿದ ಆ ಭಂಡಾರಿಯನ್ನು ನೆನೆದು, ದೂರಿಗೆ ಒಳಗಾದವನ ಪಕ್ಕದಲ್ಲಿ ಹೋಗಿ ಕುಳಿತರೆ, ಬಸವಣ್ಣನವರ ಚರಿತ್ರೆಯನ್ನು ಓದಿದ್ದು ಸಾರ್ಥಕವಾಗುವುದು.