ಬೇಂದ್ರೆ ಮಾಸ್ತರರ ನಡುವಿನ ವರ್ಷಗಳು



ಈ ವರ್ಷದ ಎರಡನೇ ಅವಧಿಯ ಒಂದು ಭಾನುವಾರ ನಮ್ಮ ಗಿರಾವೀನ್ ತರಗತಿಯ ದೊಡ್ಡ ಮಕ್ಕಳಿಗೆ ವರಕವಿ ದ. ರಾ. ಬೇಂದ್ರೆಯವರ ಪರಿಚಯ ಮಾಡಿಕೊಡುತ್ತಿದ್ದೆ. ಸಮಯ ಕಡಿಮೆ ಇತ್ತು. ಬೋರ್ಡಿನ ಮೇಲೆ ಮೂರೇ ಸಾಲು ಬರೆದೆ: 1896ರಲ್ಲಿ ಧಾರವಾಡದಲ್ಲಿ ಜನನ, 1973ರಲ್ಲಿ ಜ್ಞಾನಪೀಠ, 1981ರಲ್ಲಿ ನಿಧನ. ಹಿಂದಿನ ಸಾಲಿನ ಹುಡುಗನೊಬ್ಬ ಅಲ್ಲಿಯೇ ಕಳೆಯುವ ಲೆಕ್ಕ ಮಾಡಿದ. ಹುಟ್ಟಿದ್ದಕ್ಕೂ ಪ್ರಶಸ್ತಿಗೂ ನಡುವೆ 77 ವರ್ಷ ಇದೆಯಲ್ಲ ಮಿಸ್, ಅಷ್ಟು ದಿನ ಅವರು ಏನು ಮಾಡುತ್ತಿದ್ದರು ಎಂದು ಕೇಳಿದ. ಕವಿತೆ ಬರೆಯುತ್ತಿದ್ದರು ಎಂದೆ. ಅಷ್ಟೇನಾ ಎಂದ. ಅಷ್ಟರಲ್ಲಿ ತರಗತಿ ಮುಗಿಯಿತು.

ಆ ಪ್ರಶ್ನೆ ನನ್ನ ಜೊತೆಗೇ ಮನೆಗೆ ಬಂತು. ನಾನು ಹುಬ್ಬಳ್ಳಿಯಲ್ಲಿ ಓದಿ ಬೆಳೆದವಳು. ಶಾಲೆಯ ದಿನಗಳಲ್ಲಿ ಬೇಂದ್ರೆ ಎಂದರೆ ನಮಗೆ ಶ್ರಾವಣ, ಮಳೆ, ಬೆಳಗು, ಹಕ್ಕಿ. ಸಾಧನಕೇರಿಯ ಅವರ ಮನೆಯನ್ನೂ ಒಮ್ಮೆ ಶಾಲೆಯಿಂದ ಹೋಗಿ ನೋಡಿ ಬಂದಿದ್ದೆವು. ಆದರೆ ಅವರ ಬದುಕಿನ ನಡುಭಾಗದಲ್ಲಿ ಏನಿತ್ತು ಎಂದು ನಾನೇ ಸರಿಯಾಗಿ ಕೇಳಿ ತಿಳಿದುಕೊಂಡಿರಲಿಲ್ಲ.

ಅದೇ ವಾರ ಇನ್ನೊಂದು ಮಾತುಕತೆ ನಡೆಯಿತು. ನಮ್ಮ ಬೀದಿಯಲ್ಲಿ ಚೀನಾದಿಂದ ಬಂದ ಅಜ್ಜಿಯೊಬ್ಬರಿದ್ದಾರೆ. ನಾವು ಮಕ್ಕಳನ್ನು ಭಾನುವಾರ ಕನ್ನಡ ಶಾಲೆಗೆ ಕರೆತರುವ ಹಾಗೆ ಅವರು ಶನಿವಾರ ಮೊಮ್ಮಗನನ್ನು ಚೀನೀ ಶಾಲೆಗೆ ಕರೆದೊಯ್ಯುತ್ತಾರೆ. ಸಂಜೆ ನಡೆಯುವಾಗ ಅವರು ತಮ್ಮ ಪ್ರೀತಿಯ ಕವಿ ಆಯ್ ಚಿಂಗ್ ಅವರ ಕಥೆ ಹೇಳಿದರು. ಫ್ರಾನ್ಸಿನಲ್ಲಿ ಚಿತ್ರಕಲೆ ಕಲಿತು ಬಂದ ಆ ಯುವಕನನ್ನು 1932ರಲ್ಲಿ ಶಾಂಘೈಯಲ್ಲಿ ಬಂಧಿಸಿ ಸೆರೆಮನೆಗೆ ಹಾಕಿದರು. ತನಗೆ ಎದೆಹಾಲು ಕೊಟ್ಟು ಸಾಕಿದ ಬಡ ಹಳ್ಳಿಯ ತಾಯಿಯನ್ನು ನೆನೆದು ಅಲ್ಲಿ ಬರೆದ ಕವಿತೆ ಅವರಿಗೆ ಹೆಸರು ತಂದಿತು. 1949ರ ನಂತರ ಹೊಸ ಸರ್ಕಾರ ಮೊದಲು ಅವರನ್ನು ಮನ್ನಿಸಿತು. 1957ರ ನಂತರ ಅದೇ ಸರ್ಕಾರ ಬಲಪಂಥೀಯ ಎಂಬ ಹಣೆಪಟ್ಟಿ ಹಚ್ಚಿ ದೂರದ ಈಶಾನ್ಯಕ್ಕೆ, ಅಲ್ಲಿಂದ ಶಿನ್‌ಜಿಯಾಂಗಿಗೆ ಕಳಿಸಿತು. ಅಲ್ಲಿ ಅವರು ಶೌಚಾಲಯ ತೊಳೆಯುವ ಕೆಲಸ ಮಾಡಬೇಕಾಯಿತು. ಸುಮಾರು ಇಪ್ಪತ್ತು ವರ್ಷದ ಮೇಲೆ, 1979ರಲ್ಲಿ, ಅವರ ಮೇಲಿನ ಕಳಂಕ ತೊಡೆಯಿತು. 1996ರಲ್ಲಿ ತೀರಿಕೊಂಡರು.

ನಿಮ್ಮ ಕವಿಗಳಿಗೂ ಹೀಗೆ ಆಗಿದೆಯೇ ಎಂದು ಅಜ್ಜಿ ಕೇಳಿದರು. ಇಲ್ಲ, ನಮ್ಮವರಿಗೆ ಜ್ಞಾನಪೀಠ ಸಿಕ್ಕಿದೆ ಎಂದು ಹೇಳಿಬಿಟ್ಟೆ. ಮನೆಯ ಬಾಗಿಲು ತೆಗೆಯುವಾಗ ‘ನರಬಲಿ’ ಎಂಬ ಹೆಸರು ನೆನಪಾಯಿತು. ನಾಚಿಕೆಯಾಯಿತು. ಅಂದಿನಿಂದ ಬೇಂದ್ರೆಯವರ ಬಗ್ಗೆ ಮತ್ತೆ ಓದಲು ಶುರುಮಾಡಿದೆ. ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಹುಟ್ಟಿದ್ದು 1896ರ ಜನವರಿ 31ರಂದು. ಮನೆಮಾತು ಮರಾಠಿ. ಧಾರವಾಡ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಕನ್ನಡ ನಾಡು ಮೈಸೂರು, ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು ಎಂದು ಹಂಚಿಹೋಗಿದ್ದ ಕಾಲ. ದತ್ತಾತ್ರೇಯ ಚಿಕ್ಕವನಿದ್ದಾಗಲೇ ತಂದೆ ಹೋದರು. ತಾಯಿ ಅಂಬವ್ವ ಕಷ್ಟದಲ್ಲಿ ಮಗನನ್ನು ಬೆಳೆಸಿದರು. ಮುಂದೆ ಅವರು ಇಟ್ಟುಕೊಂಡ ಕಾವ್ಯನಾಮ ಅಂಬಿಕಾತನಯದತ್ತ. ಅಂಬಿಕೆಯ ಮಗ ದತ್ತ ಎಂದು ತಾಯಿಯ ಹೆಸರನ್ನೇ ಮುಂದಿಟ್ಟುಕೊಂಡರು. ಚೀನಾದ ಕವಿ ಸಾಕುತಾಯಿಯನ್ನು ನೆನೆದ ಮಾತು ಕೇಳಿದಾಗ ನನಗೆ ಮೊದಲು ಹೊಳೆದದ್ದು ಇದೇ.

1913ರಲ್ಲಿ ಮೆಟ್ರಿಕ್ ಮುಗಿಸಿ, ಚಿಕ್ಕಪ್ಪನ ನೆರವಿನಿಂದ ಪುಣೆಯ ಫರ್ಗ್ಯುಸನ್ ಕಾಲೇಜು ಸೇರಿದರು. 1918ರಲ್ಲಿ ಬಿ.ಎ. ಮಾಡಿಕೊಂಡು ಊರಿಗೆ ಬಂದು ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಮಾಸ್ತರರಾದರು. 1919ರಲ್ಲಿ ಲಕ್ಷ್ಮೀಬಾಯಿಯವರೊಡನೆ ಮದುವೆಯಾಯಿತು. ಮರಾಠಿಯಲ್ಲಿ ಬರೆಯಲು ಅವರಿಗೆ ಯಾವ ಅಡ್ಡಿಯೂ ಇರಲಿಲ್ಲ, ಮುಂದೆ ಬರೆದರು ಕೂಡ. ಆದರೂ ಕವಿತೆಗೆ ಆರಿಸಿಕೊಂಡದ್ದು ತಮ್ಮ ಊರಿನ ಕನ್ನಡವನ್ನು, ಬೀದಿಯಲ್ಲಿ, ಸಂತೆಯಲ್ಲಿ, ಹೆಣ್ಣುಮಕ್ಕಳ ಹಾಡಿನಲ್ಲಿ ಕಿವಿಗೆ ಬಿದ್ದ ಕನ್ನಡವನ್ನು. ಗೆಳೆಯರ ಗುಂಪು ಕಟ್ಟಿದರು. ವಿ. ಕೃ. ಗೋಕಾಕ, ಶಂ. ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ರಂ. ಶ್ರೀ. ಮುಗಳಿ ಇವರೆಲ್ಲ ಆ ಗುಂಪಿನವರು. 1926ರಲ್ಲಿ ನಾಡಹಬ್ಬ ಆರಂಭಿಸಿದರು. ಒಂದು ಸರ್ಕಾರದ ಕೆಳಗೆ ಇಲ್ಲದ ಕನ್ನಡಿಗರು ಹಬ್ಬದ ದಿನವಾದರೂ ಒಂದು ಕಡೆ ಸೇರಲಿ ಎಂಬ ಆಸೆ ಅದರ ಹಿಂದೆ ಇತ್ತು. ನಾವು ಇಲ್ಲಿ ಸಿಡ್ನಿಯಲ್ಲಿ ರಾಜ್ಯೋತ್ಸವಕ್ಕೆ ಸೇರಿದಾಗಲೆಲ್ಲ ಇನ್ನು ಮೇಲೆ ಇದು ನೆನಪಾಗುತ್ತದೆ.

1929ರಲ್ಲಿ ಬೆಳಗಾವಿಯಲ್ಲಿ ಸಾಹಿತ್ಯ ಸಮ್ಮೇಳನ ನಡೆಯಿತು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಅಧ್ಯಕ್ಷರು. ಕಾಲವನ್ನು ಹಾರುವ ಹಕ್ಕಿಯಾಗಿ ಕಂಡ ತಮ್ಮ ಕವಿತೆಯನ್ನು ಬೇಂದ್ರೆ ಅಲ್ಲಿ ಓದಿದರು. ಸಭೆ ಮರುಳಾಯಿತು. ಧಾರವಾಡದ ಮಾಸ್ತರರು ನಾಡಿಗೇ ಕವಿಯಾದರು.

ಮೂರು ವರ್ಷದ ಮೇಲೆ ಅವರನ್ನು ಅದೇ ಬೆಳಗಾವಿಗೆ ಮತ್ತೆ ಕರೆದೊಯ್ದರು. ಈ ಸಲ ಹೋದದ್ದು ಹಿಂಡಲಗಾ ಜೈಲಿಗೆ.

1932 ಕಾನೂನುಭಂಗ ಚಳವಳಿಯ ವರ್ಷ. ಗಾಂಧೀಜಿ ಆ ಜನವರಿಯಲ್ಲೇ ಬಂಧನಕ್ಕೊಳಗಾಗಿದ್ದರು. ಬೇಂದ್ರೆಯವರ ‘ಗರಿ’ ಸಂಕಲನ ಬಂದದ್ದು ಅದೇ ವರ್ಷ. ಅದರಲ್ಲಿದ್ದ ‘ನರಬಲಿ’ ಕವಿತೆಯಲ್ಲಿ ಬ್ರಿಟಿಷ್ ಸರ್ಕಾರಕ್ಕೆ ರಾಜದ್ರೋಹ ಕಂಡಿತು. ಕವಿಗೆ ಜೈಲು ಶಿಕ್ಷೆಯಾಯಿತು. ಅಲ್ಲಿಂದ ಬಿಟ್ಟ ಮೇಲೂ ಮನೆಗೆ ಹೋಗಗೊಡಲಿಲ್ಲ. ಧಾರವಾಡದ ಹತ್ತಿರದ ಮುಗದ ಎಂಬ ಹಳ್ಳಿಯಲ್ಲಿ ನಿರ್ಬಂಧದಲ್ಲಿ ಇಟ್ಟರು. ತಮ್ಮ ಊರು ಅಷ್ಟು ಸಮೀಪದಲ್ಲಿದ್ದರೂ ಹೋಗುವ ಹಾಗಿರಲಿಲ್ಲ. ಅತ್ತ ಶಾಂಘೈಯಲ್ಲಿ ಆಯ್ ಚಿಂಗ್ ಸೆರೆಯಾದದ್ದೂ 1932ರಲ್ಲೇ. ಒಬ್ಬರ ಹೆಸರು ಇನ್ನೊಬ್ಬರಿಗೆ ತಿಳಿಯದ ಇಬ್ಬರು ಕವಿಗಳು ಒಂದೇ ವರ್ಷ ಎರಡು ದೇಶದ ಜೈಲುಗಳಲ್ಲಿ ಕೂತಿದ್ದರು.

ಹಿಂಡಲಗಾದ ತಿಂಗಳುಗಳನ್ನೂ ಶಿನ್‌ಜಿಯಾಂಗಿನ ವರ್ಷಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆ ಅಜ್ಜಿ ಹೇಳಿದ ಕಷ್ಟ ಬಹಳ ದೊಡ್ಡದು. ಆದರೆ ಬೇಂದ್ರೆಯವರ ಶಿಕ್ಷೆ ಜೈಲಿನ ಬಾಗಿಲು ತೆರೆದಾಗ ಮುಗಿಯಲಿಲ್ಲ. ರಾಜದ್ರೋಹದ ಹಣೆಪಟ್ಟಿ ಇರುವವನಿಗೆ ಮಾಸ್ತರಿಕೆ ಯಾರು ಕೊಡುತ್ತಾರೆ? ಮುಂದಿನ ಹಲವು ವರ್ಷ ಅವರಿಗೆ ನೆಲೆಯಾದ ಕೆಲಸ ಇರಲಿಲ್ಲ. ‘ಜಯಕರ್ನಾಟಕ’ ಪತ್ರಿಕೆಯ ಸಂಪಾದಕತ್ವ ನೋಡಿಕೊಂಡರು, ಹಾಗೂ ಹೀಗೂ ಸಂಸಾರ ಸಾಗಿಸಿದರು. ಅದರ ನಡುವೆಯೇ ಓದಿ 1935ರಲ್ಲಿ, 39ರ ವಯಸ್ಸಿನಲ್ಲಿ, ಎಂ.ಎ. ಮಾಡಿಕೊಂಡರು. ಪದವಿ ಬಂತು, ಕೆಲಸ ಬರಲಿಲ್ಲ. ಬದುಕಿನಲ್ಲಿ ಅವರು ಹಲವು ಮಕ್ಕಳನ್ನೂ ಕಳೆದುಕೊಂಡರು.

ಇದನ್ನು ಓದುವಾಗ ನನಗೆ ನಮ್ಮ ಮೊದಲ ವರ್ಷ ನೆನಪಾಯಿತು. ಸಿಡ್ನಿಗೆ ಬಂದ ಹೊಸತರಲ್ಲಿ ನನ್ನ ಯಜಮಾನರಿಗೆ ಹನ್ನೊಂದು ತಿಂಗಳು ಕೆಲಸ ಸಿಗಲಿಲ್ಲ. ನಿಮ್ಮಲ್ಲಿ ಎಷ್ಟೋ ಜನ ಆ ದಿನಗಳನ್ನು ಕಂಡವರೇ. ಬಾಡಿಗೆಯ ಲೆಕ್ಕ, ಊರಿಗೆ ಫೋನ್ ಮಾಡಿದಾಗ ಎಲ್ಲ ಚೆನ್ನಾಗಿದೆ ಎನ್ನುವ ಸುಳ್ಳು, ಊಟದ ಹೊತ್ತಿನಲ್ಲಿ ಯಾರೂ ಮಾತಾಡದ ಮನೆ. ನಮಗೆ ಹನ್ನೊಂದು ತಿಂಗಳು ಅಷ್ಟು ಭಾರವಾಯಿತು. ಅಷ್ಟೊಂದು ವರ್ಷ ಲಕ್ಷ್ಮೀಬಾಯಿಯವರು ಒಲೆ ಹೇಗೆ ಹೊತ್ತಿಸಿದರೋ ಎಂದು ಪುಸ್ತಕ ಮುಚ್ಚಿ ಯೋಚಿಸಿದೆ.

ಆ ವರ್ಷಗಳಲ್ಲಿ ಅವರು ಬರೆದದ್ದೇನು ಎಂದು ನೋಡಿದಾಗ ಇನ್ನೂ ಆಶ್ಚರ್ಯ. ತಮ್ಮ ದಾಂಪತ್ಯದ ಕಷ್ಟಸುಖವನ್ನೇ ವಸ್ತುವಾಗಿಸಿದ ‘ಸಖೀಗೀತ’ 1937ರದು. ‘ನಾದಲೀಲೆ’ 1938ರದು. ನಾವು ಇಂದು ಸುಗಮ ಸಂಗೀತದ ಸಂಜೆಗಳಲ್ಲಿ ತಲೆದೂಗಿ ಕೇಳುವ ಎಷ್ಟೋ ಹಾಡು ಸಂಬಳವಿಲ್ಲದ ಆ ಮನೆಯಿಂದ ಬಂದವು.

1943ರಲ್ಲಿ ಶಿವಮೊಗ್ಗದ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನು ಅಧ್ಯಕ್ಷರನ್ನಾಗಿ ಕರೆದರು. ಮರುವರ್ಷ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರ ಕೆಲಸ ಸಿಕ್ಕಿತು. ಆಗ ಅವರಿಗೆ 48. ಮರಾಠಿ ಹೆಚ್ಚು ಕೇಳಿಸುವ ಆ ಊರಿನಲ್ಲಿ 1956ರವರೆಗೆ, 12 ವರ್ಷ, ಕನ್ನಡ ಕಲಿಸಿದರು. ಶಿಕ್ಷಕ ಬಂಧುಗಳೇ, ಮನೆಯಿಂದ ದೂರ, ಇನ್ನೊಂದು ಭಾಷೆಯ ನಡುವೆ ಕೂತು ಮಕ್ಕಳಿಗೆ ಕನ್ನಡ ಹೇಳಿಕೊಡುವ ಕೆಲಸವನ್ನು ಅವರೂ ಮಾಡಿದ್ದರು.

1956ರಲ್ಲಿ ಧಾರವಾಡಕ್ಕೆ ಮರಳಿ ಆಕಾಶವಾಣಿಯ ಸಲಹೆಗಾರರಾದರು. ಅದೇ ವರ್ಷದ ನವೆಂಬರ್ 1ರಂದು ಹಂಚಿಹೋಗಿದ್ದ ಕನ್ನಡ ನಾಡು ಒಂದಾಯಿತು. ಆಮೇಲಿನದು ನಾವೆಲ್ಲ ಮಕ್ಕಳಿಗೆ ಹೇಳುವ ಭಾಗ. 1958ರಲ್ಲಿ ‘ಅರಳು ಮರಳು’ ಸಂಕಲನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1968ರಲ್ಲಿ ಪದ್ಮಶ್ರೀ, 1973ರಲ್ಲಿ ‘ನಾಕು ತಂತಿ’ಗೆ ಜ್ಞಾನಪೀಠ. 1981ರ ಅಕ್ಟೋಬರ್ 26ರಂದು ಮುಂಬಯಿಯಲ್ಲಿ ತೀರಿಕೊಂಡರು.

ಮುಂದಿನ ಅವಧಿಯಲ್ಲಿ ಬೋರ್ಡಿನ ಮೇಲೆ ಮತ್ತೆ ಬೇಂದ್ರೆಯವರ ಹೆಸರು ಬರೆದೆ. ಈ ಸಲ 1932, 1935, 1937, 1944 ಕೂಡ ಬರೆದೆ. ಅದೇ ಹುಡುಗ ಮತ್ತೆ ಕೇಳಿದ, ಜೈಲಿಗೆ ಹಾಕಿದ ಮೇಲೆ ಬರೆಯುವುದನ್ನು ನಿಲ್ಲಿಸಿಬಿಡಬಹುದಿತ್ತಲ್ಲ? ಬಿಡಬಹುದಿತ್ತು ಎಂದೆ. ಇಂಗ್ಲಿಷ್ ಓದಿದವರು, ಮರಾಠಿ ಬಲ್ಲವರು, ಹೆಂಡತಿ ಮಕ್ಕಳಿದ್ದವರು, ಬಿಡಲು ಕಾರಣ ಬೇಕಾದಷ್ಟಿತ್ತು. ಬಿಡಲಿಲ್ಲ. ಆತ ತಲೆ ಬಗ್ಗಿಸಿ ಪುಸ್ತಕದಲ್ಲಿ ಇಸವಿಗಳನ್ನು ಬರೆದುಕೊಂಡ. ಅಜ್ಜಿಗೂ ಒಂದು ಸಂಜೆ ನನ್ನ ತಪ್ಪು ಉತ್ತರವನ್ನು ತಿದ್ದಿ ಹೇಳಿದೆ. ಬೇಂದ್ರೆಯವರ ಹೆಸರನ್ನು ಎರಡು ಸಲ ಹೇಳಿಸಿಕೊಂಡು ಕಲಿತರು.

ಪೋಷಕರೇ, ಕೊನೆಯದಾಗಿ ಒಂದು ಮಾತು. ಮಕ್ಕಳು ಐದನೇ ತರಗತಿಗೆ ಬಂದರೆ ಸೆಲೆಕ್ಟಿವ್ ಪರೀಕ್ಷೆಯ ಕೋಚಿಂಗ್ ಬಂದು ಭಾನುವಾರದ ಮೇಲೆ ಕೂರುತ್ತದೆ. ಯಾರನ್ನೂ ದೂರುತ್ತಿಲ್ಲ. ನನ್ನ ಮಗಳನ್ನೇ ನಾನು ಎರಡು ಅವಧಿ ಕನ್ನಡ ತರಗತಿಯಿಂದ ಬಿಡಿಸಿದ್ದೆ. ಅದರ ಕಳವಳ ನನಗೆ ಇಂದಿಗೂ ಇದೆ. ಈ ವರ್ಷ ಪದವಿ ಪತ್ರ ಪಡೆಯುತ್ತಿರುವ ಮಕ್ಕಳು ಕೋಚಿಂಗ್, ಈಜು, ಕ್ರಿಕೆಟ್ ಎಲ್ಲದರ ನಡುವೆಯೂ ಬಂದವರು. ಕೆಲವು ದಿನ ಮುಖ ಗಂಟಿಕ್ಕಿಕೊಂಡು ಬಂದರು, ಆದರೂ ಬಂದರು. ಇವತ್ತಿನ ಫೋಟೋದಲ್ಲಿ ಕಾಣುವುದು ಹಾರ ಮತ್ತು ಪತ್ರ ಮಾತ್ರ. ಮನೆಗೆ ಹೋದ ಮೇಲೆ ಅವರ ನಡುವಿನ ವರ್ಷಗಳನ್ನೂ ಒಮ್ಮೆ ಅವರ ಜೊತೆ ಕೂತು ನೆನೆಯಿರಿ, ಬೇಂದ್ರೆ ಮಾಸ್ತರರ ಕಥೆಯನ್ನೂ ಪೂರ್ತಿಯಾಗಿ ಹೇಳಿ.

ಮಕ್ಕಳಿಗೆಲ್ಲ ನನ್ನ ಪ್ರೀತಿಯ ಅಭಿನಂದನೆಗಳು.