ಸಣ್ಣ ಕೊಳವೆ, ದೊಡ್ಡ ವಿಜ್ಞಾನಿ: ಜಿ. ಐ. ಟೇಲರ್

ವಿರೂಪಾಕ್ಷಿಪುರದ ಹಿಪ್ಪುನೇರಳೆ ತೋಟದಲ್ಲಿ ಡ್ರಿಪ್ ಪೈಪಿಗೆ ಗೊಬ್ಬರದ ನೀರು ಬಿಡುವುದನ್ನು ನಾನು ನೋಡಿದ್ದೇನೆ. ಕೊನೆಯ ಗಿಡಕ್ಕೆ ಅದು ಒಂದೇ ಸಲ ಬರುವುದಿಲ್ಲ. ಮೊದಲು ತೆಳುವಾಗಿ, ಆಮೇಲೆ ಗಟ್ಟಿಯಾಗಿ, ಮತ್ತೆ ತೆಳುವಾಗಿ ಬರುತ್ತದೆ. ಇಂಥ ಹರಡುವಿಕೆಗೆ ಲೆಕ್ಕ ಕೊಟ್ಟವರು ಜೆಫ್ರಿ ಇಂಗ್ರಾಮ್ ಟೇಲರ್.

ಅವರು 1886ರಲ್ಲಿ ಲಂಡನ್ನಿನಲ್ಲಿ ಹುಟ್ಟಿದರು. ಗಣಿತಜ್ಞ ಜಾರ್ಜ್ ಬೂಲ್ ಅವರ ತಾಯಿಯ ತಂದೆ. ಟೈಟಾನಿಕ್ ಮುಳುಗಿದ ಮರುವರ್ಷ, 1913ರಲ್ಲಿ, ಸಮುದ್ರದ ಮಂಜುಗಡ್ಡೆ ಗಮನಿಸಲು ಹೋದ ಸ್ಕೋಷಿಯಾ ಹಡಗಿನಲ್ಲಿ ಹವಾಮಾನ ತಜ್ಞರಾಗಿದ್ದರು. 1944ರಲ್ಲಿ ಕಾಪ್ಲಿ ಪದಕ ಪಡೆದರು. 1952ರಲ್ಲಿ ನಿವೃತ್ತರಾದರೂ ಕೆಲಸ ಬಿಡಲಿಲ್ಲ.

1953ರಲ್ಲಿ, 67ನೇ ವಯಸ್ಸಿನಲ್ಲಿ, ಅವರ ಪ್ರಸಿದ್ಧ ಲೇಖನ ಬಂತು. ಸಯನ್ಸ್ ಗೆಳೆಯರು ಟೈಟ್ರೇಷನ್‌ಗೆ ಬಳಸುವ ಪೊಟ್ಯಾಷಿಯಂ ಪರ್ಮಾಂಗನೇಟ್ ದ್ರಾವಣವನ್ನೇ ಅವರು ಸಣ್ಣ ಗಾಜಿನ ಕೊಳವೆಯಲ್ಲಿ ಹರಿಸಿದರು. ಕೊಳವೆಯ ನಡುವೆ ನೀರು ವೇಗವಾಗಿ ಓಡುತ್ತದೆ, ಗೋಡೆಯ ಬಳಿ ನಿಧಾನ. ಅದರಿಂದ ಬಣ್ಣ ಉದ್ದಕ್ಕೆ ಎಳೆಯುತ್ತದೆ. ಆದರೆ ಬಣ್ಣದ ಕಣಗಳು ಅಡ್ಡಕ್ಕೂ ಸರಿದು ಬೆರೆಯುವುದರಿಂದ ಆ ಎಳೆತಕ್ಕೆ ಕಡಿವಾಣ ಬೀಳುತ್ತದೆ. ಕೊಳವೆ ಸಣ್ಣದಾದಷ್ಟೂ ಹರಡುವಿಕೆ ಕಡಿಮೆ.

1975ರಲ್ಲಿ ಟೇಲರ್ ತೀರಿಕೊಂಡರು. ಅದೇ ವರ್ಷ ಡೆನ್ಮಾರ್ಕಿನಲ್ಲಿ ರುಜಿಚ್ಕಾ ಮತ್ತು ಹ್ಯಾನ್ಸೆನ್, ಹರಿಯುವ ದ್ರವಕ್ಕೆ ಮಾದರಿಯನ್ನು ಸೇರಿಸಿ ಪರೀಕ್ಷಿಸುವ ವಿಧಾನ ಪ್ರಕಟಿಸಿದರು. ಅಲ್ಲಿ ಯಂತ್ರ ಬರೆಯುವ ಗೆರೆಯ ಎತ್ತರ ಈ ಹರಡುವಿಕೆಯ ಮೇಲೆ ನಿಂತಿದೆ. ಕೊಳವೆ ಉದ್ದವಾದರೆ ಅದೇ ಮಾದರಿಯ ಗೆರೆ ತಗ್ಗಾಗಿ, ಅಗಲವಾಗಿ ಕಾಣುತ್ತದೆ. ಹೋಲಿಸುವ ದ್ರಾವಣವನ್ನೂ ಅದೇ ಕೊಳವೆಯಲ್ಲಿ, ಅದೇ ವೇಗದಲ್ಲಿ ಹರಿಸದಿದ್ದರೆ ಕೆಟ್ಟ ನೀರೂ ಒಳ್ಳೆಯದೆಂದು ಪಾಸಾಗಬಹುದು.

ನಾನು ಕಾಮರ್ಸ್ ವಿದ್ಯಾರ್ಥಿ. ಎರಡು ವರ್ಷದ ಲೆಕ್ಕ ಹೋಲಿಸಬೇಕಾದರೆ ಎರಡಕ್ಕೂ ಒಂದೇ ಪದ್ಧತಿ ಇರಬೇಕೆಂದು ನಮಗೂ ಕಲಿಸುತ್ತಾರೆ. ಟೇಲರ್ ಅವರ ಕೊಳವೆಯೂ ಅದನ್ನೇ ಹೇಳುತ್ತದೆ.